ಚೈನ್‌ಸಾ: ಹಳೆಯ 044 ಸರಿಮಾಡಿಸಲಾ, ಹೊಸ 462 ತರಲಾ? ಬಾರ್ 18, 20, 25 ಇಂಚು: ಯಾವುದು ಹಾಕಲಿ?

ಹೊಂಗೆನೆರಳು (ಬನಶಂಕರಿ)

ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ ಸೇರಿ ಮರದ ಕೆಲಸ ಮಾಡುತ್ತೇವೆ. ಕೊಂಬೆ ಇಳಿಸುವುದು, ಒಣಗಿದ ಮರ ತೆಗೆಯುವುದು, ಮಳೆಗೆ ಬಿದ್ದದ್ದನ್ನು ತುಂಡು ಮಾಡಿ ದಾರಿ ಬಿಡಿಸುವುದು. ಬನಶಂಕರಿ, ಜಯನಗರ, ಬಸವನಗುಡಿ ಕಡೆಯೇ ಜಾಸ್ತಿ. ಏಪ್ರಿಲ್, ಮೇ ಬಂತೆಂದರೆ ಫೋನು ಕೆಳಗಿಡಲು ಆಗುವುದಿಲ್ಲ.

ನನ್ನ ಹತ್ತಿರ ಇರುವುದು ಸ್ಟಿಲ್ ಕಂಪನಿಯ 044 ಚೈನ್‌ಸಾ. ಸಕಲೇಶಪುರದ ತೋಟದಲ್ಲಿ ನಮ್ಮ ಮಾವ 20 ವರ್ಷ ಓಡಿಸಿದ ಮಷಿನ್. ಚೈನ್‌ಸಾ ಹಿಡಿಯುವುದನ್ನು ನನಗೆ ಕಲಿಸಿದ್ದೂ ಅವರೇ. ಈಗ ಬೆಳಿಗ್ಗೆ ತಣ್ಣಗಿದ್ದಾಗ ಎರಡೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ. ಬಿಸಿಯಾದ ಮೇಲೆ ಆರಿಸಿದರೆ ಅರ್ಧ ಗಂಟೆ ಕಾಯಬೇಕು. ಐಡಲ್ (ಥ್ರಾಟಲ್ ಬಿಟ್ಟಾಗಿನ ವೇಗ) ತಾನಾಗಿ ಏರುತ್ತದೆ, ತಾನಾಗಿ ಇಳಿಯುತ್ತದೆ. ಇದನ್ನು ಬಿಚ್ಚಿ ಸರಿಮಾಡಿಸಲಾ, ಅಥವಾ ಇದನ್ನು ಬದಿಗಿಟ್ಟು ಅದೇ ಕಂಪನಿಯ ಹೊಸ ಎಂಎಸ್ 462 ತರಲಾ?

ಎರಡನೆಯದು ಬಾರ್, ಅಂದರೆ ಚೈನ್ ಸುತ್ತುವ ಉದ್ದ ಪಟ್ಟಿಯ ವಿಷಯ. ಈಗ 20 ಇಂಚು ಇದೆ. ಹೋದ ವಾರ ಬಸವನಗುಡಿಯಲ್ಲಿ ಒಂದು ಮಳೆಮರ ಬಿದ್ದಿತ್ತು. ಬುಡದ ಸುತ್ತಳತೆ 12 ಅಡಿ. 20 ಇಂಚಿನ ಬಾರ್ ಹಿಡಿದು ಸುತ್ತಲೂ ಕೊಯ್ದರೂ ನಡುವೆ ತಿರುಳು ಉಳಿದೇ ಇತ್ತು. ಕೊನೆಗೆ ಆಪು (ಬೆಣೆ) ಹೊಡೆದು ಸೀಳಬೇಕಾಯಿತು. ಆವತ್ತಿಂದ 25 ಇಂಚಿನ ಬಾರ್ ತಲೆಯಲ್ಲಿ ಕೂತಿದೆ. ನಮ್ಮ ಹುಡುಗರಂತೂ 25 ತಂದೇ ಬಿಡಿ ಅಣ್ಣ ಎನ್ನುತ್ತಿದ್ದಾರೆ. ತಿಳಿದವರು ಹೇಳಿ.

ಸ್ಪ್ಯಾನರ್ (ಕಲಾಸಿಪಾಳ್ಯ)

ಸರ್, ಮೊದಲು ಒಂದು ಮಾತು. ಇವತ್ತಿಂದ ಆ 044 ಓಡಿಸಬೇಡಿ. ಬಿಸಿಯಲ್ಲಿ ಸ್ಟಾರ್ಟ್ ಆಗದಿದ್ದರೆ ಕಿಡಿ ಕೊಡುವ ಕಾಯಿಲ್ ಸೋತಿರಬಹುದು, ಅದು ಬೇರೆ. ಆದರೆ ಐಡಲ್ ತಾನಾಗಿ ಏರುವುದೆಂದರೆ ಎಲ್ಲೋ ಗಾಳಿ ಎಳೆದುಕೊಳ್ಳುತ್ತಿದೆ. ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲ್ ನೋಡಿ. ಕಾರ್ಬೊರೇಟರ್ ಮತ್ತು ಸಿಲಿಂಡರ್ ನಡುವಿನ ರಬ್ಬರ್ ಬೂಟ್ ನೋಡಿ. 20 ವರ್ಷದ ರಬ್ಬರು ಕಲ್ಲಾಗಿರುತ್ತದೆ, ಬಗ್ಗಿಸಿದರೆ ಸೀಳು ಕಾಣುತ್ತದೆ. ಇದು ಟೂ ಸ್ಟ್ರೋಕ್ ಅಲ್ವಾ, ಪೆಟ್ರೋಲಿನಲ್ಲೇ ಆಯಿಲ್ ಇರುವುದು. ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆಯಾಯಿತು ಎಂದೇ ಅರ್ಥ. ಹೀಗೇ ಓಡಿಸಿದರೆ ಪಿಸ್ಟನ್ ಹೋಗುತ್ತದೆ.

ಈಗ ಹೋಲಿಕೆಗೆ ಬರೋಣ. 044 ಎಂದರೆ 70.7 ಸಿಸಿ, 4.0 ಕಿಲೋವ್ಯಾಟ್, ಬಾರ್ ಬಿಟ್ಟು 6.3 ಕೆಜಿ. 462 ಎಂದರೆ 72.2 ಸಿಸಿ, 4.4 ಕಿಲೋವ್ಯಾಟ್, 6.0 ಕೆಜಿ. ಕಾಗದದ ಮೇಲೆ ವ್ಯತ್ಯಾಸ ಸಣ್ಣದು. 300 ಗ್ರಾಂ ಏನು ಮಹಾ ಎನಿಸಬಹುದು. ಮಧ್ಯಾಹ್ನ 3 ಗಂಟೆ ಹೊತ್ತಿಗೆ ಆ 300 ಗ್ರಾಂ ಕೈಗೆ ಗೊತ್ತಾಗುತ್ತದೆ. ಎಂಎಸ್ 500ಐ ಇನ್ನೂ ಮುಂದೆ ಹೋಗಿದೆ: 79.2 ಸಿಸಿ, 5.0 ಕಿಲೋವ್ಯಾಟ್, ತೂಕ 6.2 ಕೆಜಿ. ಅಂದರೆ ನಿಮ್ಮ 044ಗಿಂತ ಹಗುರ, ಶಕ್ತಿ ಕಾಲುಪಾಲು ಜಾಸ್ತಿ. ಅದರಲ್ಲಿ ಕಾರ್ಬೊರೇಟರೇ ಇಲ್ಲ, ಪೆಟ್ರೋಲ್ ಇಂಜೆಕ್ಷನ್.

ಆದರೆ ಹಳೆಯದನ್ನು ತೂಕದಲ್ಲಿ ಮಾತ್ರ ಅಳೆಯಬಾರದು. 044 ಬಿಚ್ಚಿದರೆ ಪ್ರತಿ ಭಾಗವೂ ಕಣ್ಣಿಗೆ ಅರ್ಥವಾಗುತ್ತದೆ. ಎರಡು ಸ್ಕ್ರೂ, ಒಂದು ಡಯಾಫ್ರಾಮ್, ಒಂದು ಕಾಯಿಲ್. ಸ್ಕ್ರೂಡ್ರೈವರ್ ಇದ್ದವನು ಕಾಡಿನ ನಡುವೆಯೂ ಸರಿಮಾಡಬಹುದು. 462ನಲ್ಲಿ ಎಂ-ಟ್ರಾನಿಕ್ ಇದೆ. ಪೆಟ್ರೋಲ್ ಎಷ್ಟು ಬಿಡಬೇಕು ಎಂದು ಚಿಪ್ ತೀರ್ಮಾನಿಸುತ್ತದೆ. ಚೆನ್ನಾಗಿ ತೀರ್ಮಾನಿಸುತ್ತದೆ ಕೂಡ. ಕೆಟ್ಟ ದಿನ ಮಾತ್ರ ಕಂಪ್ಯೂಟರ್‌ಗೆ ಜೋಡಿಸಿ ನೋಡುವವರ ಬಳಿಗೇ ಹೋಗಬೇಕು.

ಹೀಗೆ ಮಾಡಿ. ಸೈಲೆನ್ಸರ್‌ನ ನಟ್ ಬಿಚ್ಚಿ ತೆಗೆಯಿರಿ. ಹಗ್ಗ ನಿಧಾನವಾಗಿ ಎಳೆಯುತ್ತಾ ಟಾರ್ಚ್ ಹಾಕಿ ಪಿಸ್ಟನ್ ನೋಡಿ. ಮೈ ನುಣುಪಾಗಿ, ಯಂತ್ರದ ಸಣ್ಣ ಅಡ್ಡಗೆರೆ ಇನ್ನೂ ಕಾಣುತ್ತಿದ್ದರೆ ಸೀಲ್, ಬೂಟ್, ಪೆಟ್ರೋಲ್ ಪೈಪ್ ಬದಲಿಸಿದರೆ ಸಾಕು. ಮೇಲಿಂದ ಕೆಳಕ್ಕೆ ಗೀರು ಬಿದ್ದಿದ್ದರೆ ಫೋಟೋ ಹಾಕಿ, ಮುಂದಿನದು ಮಾತಾಡೋಣ. ಕಂಪ್ರೆಷನ್ ಗೇಜ್ ಸಿಕ್ಕರೆ 150 ಪಿಎಸ್‌ಐ ಮೇಲಿರಬೇಕು. 120ಕ್ಕಿಂತ ಕೆಳಗಿದ್ದರೆ ದಣಿದಿದೆ.

ಚೇಗು (ಮಲ್ಲೇಶ್ವರ)

ನಾನು ಬಿದ್ದ ಮರಗಳಿಂದ ಹಲಗೆ ಸೀಳಿ ಟೇಬಲ್, ಬೆಂಚು ಮಾಡುತ್ತೇನೆ. ಮೊದಲಿಗೆ ಒಂದು ಬೇಡಿಕೆ. 12 ಅಡಿ ಸುತ್ತಳತೆಯ ಮಳೆಮರವನ್ನು ದಯವಿಟ್ಟು ಬಿಲ್ಲೆ ಬಿಲ್ಲೆಯಾಗಿ ಕೊಯ್ಯಬೇಡಿ! ಅದರ ಚೇಗು (ಒಳಗಿನ ಗಟ್ಟಿ ಮರ) ಕಂದು ಬಣ್ಣ, ಅಂಚಿನ ಬಿಳಿ ಭಾಗ ತೆಳು. ಒಣಗುವಾಗ ಕುಗ್ಗುವುದೂ ಕಡಿಮೆ. ಏಳೆಂಟು ಅಡಿ ಉದ್ದದ ದಿಮ್ಮಿ ಉಳಿಸಿದರೆ ಒಂದು ಮನೆಯ ಊಟದ ಮೇಜು ಆಗುತ್ತದೆ. ಲಾಲ್‌ಬಾಗ್‌ನಲ್ಲಿ ಒಣಗಿದ ಮರಗಳಲ್ಲಿ ಕೆತ್ತಿದ ಶಿಲ್ಪಗಳನ್ನು ನೋಡಿದ್ದೀರಲ್ಲ. ಬಿದ್ದ ಮರ ಸೌದೆಯೇ ಆಗಬೇಕೆಂದಿಲ್ಲ.

ಈಗ ಬಾರ್. ಒಂದು ಟೇಪು ಸಾಕು. ಸುತ್ತಳತೆಯನ್ನು 3.14ರಿಂದ ಭಾಗಿಸಿ. ನಿಮ್ಮ ಮಳೆಮರ 144 ಇಂಚು, ಅಡ್ಡಳತೆ 46 ಇಂಚು ಆಯಿತು. ಎರಡು ಕಡೆಯಿಂದ ಕೊಯ್ದರೆ ಪ್ರತಿ ಕಡೆ 23 ಇಂಚು. 20ರ ಬಾರ್‌ಗೆ ನಡುವಿನ 6 ಇಂಚು ಸಿಗಲೇ ಇಲ್ಲ, ಅದೇ ನಿಮ್ಮ ತಿರುಳು. 25 ಇದ್ದಿದ್ದರೆ ಸಿಗುತ್ತಿತ್ತು. ಲೆಕ್ಕ ನಿಮ್ಮ ಹುಡುಗರ ಕಡೆಗೇ ಇದೆ.

ಆದರೆ ಅದೇ ಲೆಕ್ಕ ಉಳಿದ ದಿನಗಳಿಗೂ ಹಾಕಿ. ಗುಲ್‌ಮೊಹರಿನ ದಪ್ಪ ಕೊಂಬೆಯ ಸುತ್ತಳತೆ 4 ಅಡಿ ಎಂದುಕೊಳ್ಳಿ. ಅಡ್ಡಳತೆ 15 ಇಂಚು. ಒಂದೇ ಕಡೆಯಿಂದ ಕೊಯ್ಯಲು 18 ಇಂಚಿನ ಬಾರ್ ಧಾರಾಳ. ವರ್ಷದಲ್ಲಿ ನೀವು ಎಷ್ಟು ಗುಲ್‌ಮೊಹರ್ ಕೊಯ್ಯುತ್ತೀರಿ, ಎಷ್ಟು ಮಳೆಮರದ ಬುಡ ಕೊಯ್ಯುತ್ತೀರಿ? ಉತ್ತರ ಅಲ್ಲಿದೆ.

ಹಲಗೆ ಸೀಳುವ ಆಸೆ ಇದ್ದರೆ ಮಾತ್ರ ಲೆಕ್ಕ ಬೇರೆ. ದಿಮ್ಮಿಯ ಉದ್ದಕ್ಕೂ ಕೊಯ್ಯುವಾಗ ಮಷಿನ್ ನಿಮಿಷಗಟ್ಟಲೆ ಫುಲ್ ಥ್ರಾಟಲ್‌ನಲ್ಲಿರುತ್ತದೆ. ಹಲಗೆ ಸೀಳಲು ಬಾರ್‌ಗೆ ಜೋಡಿಸುವ ಚೌಕಟ್ಟು ಹಿಡಿದುಕೊಳ್ಳಲು ಬಾರ್‌ನ ಕೆಲವು ಇಂಚು ಹೋಗುತ್ತದೆ. ನಾನು ಅದಕ್ಕೆ ಎಂಎಸ್ 661 ಇಟ್ಟುಕೊಂಡಿದ್ದೇನೆ: 91.1 ಸಿಸಿ, 36 ಇಂಚಿನ ಬಾರ್. ಚೈನಿನ ಹಲ್ಲನ್ನು 30 ಡಿಗ್ರಿಗೆ ಅಲ್ಲ, 10 ಡಿಗ್ರಿಗೆ ಅರ ಹಾಕುತ್ತೇನೆ. 70 ಸಿಸಿ ಮಷಿನ್‌ನಲ್ಲಿ ಈ ಕೆಲಸ ದಿನಾ ಮಾಡಿದರೆ ಅದಕ್ಕೆ ಶಿಕ್ಷೆ ಕೊಟ್ಟಂತೆ.

ದಿಮ್ಮಿ (ಮೈಸೂರು ರಸ್ತೆ)

ನಾನು ಒಪ್ಪುವುದಿಲ್ಲ. ಟಿಂಬರ್ ಯಾರ್ಡ್ ಕಡೆ ನಾನು 10 ವರ್ಷ 70 ಸಿಸಿಗೆ 25 ಇಂಚು ಹಾಕಿಯೇ ಓಡಿಸಿದ್ದೇನೆ. ಇಂಜಿನ್ ಏನೂ ಸಾಯುವುದಿಲ್ಲ. ಮೇಲಾಗಿ ನೆಲದ ಮೇಲಿನ ದಿಮ್ಮಿ ಕೊಯ್ಯುವಾಗ ಬಗ್ಗುವುದು ಕಡಿಮೆ. ನಾನು 6 ಅಡಿ ಎತ್ತರ ಇದ್ದೇನೆ, 18 ಇಂಚು ಹಿಡಿದರೆ ಸಂಜೆಗೆ ಸೊಂಟ ಕೇಳುವುದಿಲ್ಲ. ಒಂದೇ ಬಾರ್ ಇಟ್ಟುಕೊಳ್ಳುವುದಾದರೆ ದೊಡ್ಡದೇ ಇಟ್ಟುಕೊಳ್ಳಿ. ದೊಡ್ಡದು ಸಣ್ಣ ಕೆಲಸ ಮಾಡುತ್ತದೆ, ಸಣ್ಣದು ದೊಡ್ಡ ಕೆಲಸ ಮಾಡುವುದಿಲ್ಲ.

ಚೇಗು (ಮಲ್ಲೇಶ್ವರ)

ದಿಮ್ಮಿ ಅವರೇ, ಇಂಜಿನ್ ವಿಷಯದಲ್ಲಿ ನೀವು ಹೇಳಿದ್ದು ಬಹುಪಾಲು ಸರಿ. ಇಂಜಿನ್‌ಗೆ ಭಾರ ಬೀಳುವುದು ಮರದೊಳಗೆ ಎಷ್ಟು ಹಲ್ಲು ಮುಳುಗಿದೆ ಎಂಬುದರ ಮೇಲೆ. 25 ಇಂಚಿನ ಬಾರ್‌ನಲ್ಲಿ 12 ಇಂಚಿನ ಕೊಂಬೆ ಕೊಯ್ದರೆ ಮುಳುಗುವುದು 12 ಇಂಚು ಮಾತ್ರ. ಉಳಿದ ಚೈನಿನ ತೂಕ, ತಿಕ್ಕಾಟ ಸ್ವಲ್ಪ ಸೇರುತ್ತದೆ ಅಷ್ಟೆ.

ನನ್ನ ಹೆದರಿಕೆ ಬೇರೆ. ಯಾರ್ಡ್‌ನಲ್ಲಿ ದಿಮ್ಮಿಯ ಆಚೆ ಬದಿ ಖಾಲಿ ನೆಲ. ಜಯನಗರದ ಬೀದಿಯಲ್ಲಿ ಕೊಂಬೆಯ ಆಚೆ ಬದಿ ಏನಿರುತ್ತದೆ? ಕಾಂಪೌಂಡ್ ಗೋಡೆ, ಗ್ರಿಲ್, ಕೇಬಲ್ ವೈರು, ಯಾರದೋ ಸ್ಕೂಟರು. ಬಾರ್‌ನ ತುದಿ 10 ಇಂಚಿಗೂ ಮೇಲೆ ಹೊರಗೆ ಚಾಚಿಕೊಂಡಿರುತ್ತದೆ, ಅದು ಎಲ್ಲಿ ತಗಲುತ್ತದೆ ಎಂದು ಹಿಡಿದವನಿಗೆ ಕಾಣುವುದಿಲ್ಲ. ತುದಿಯ ಮೇಲಿನ ಕಾಲುಭಾಗ ಯಾವುದಕ್ಕಾದರೂ ತಾಗಿದರೆ ಮಷಿನ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಖದ ಕಡೆ ಹಾರುತ್ತದೆ.

ಇನ್ನೊಂದು ಹೆದರಿಕೆ ಮೊಳೆಯದು. ನಮ್ಮ ಊರಿನ ಬೀದಿ ಮರಗಳಲ್ಲಿ ಮೊಳೆ, ಬ್ಯಾನರ್ ಕಟ್ಟಿದ ತಂತಿ, ಒಳಗೇ ಸೇರಿಹೋದ ಟ್ರೀಗಾರ್ಡ್ ಕಂಬಿ, ಎಲ್ಲವೂ ಸಿಗುತ್ತದೆ. 20 ಇಂಚಿನ ಚೈನಿಗೆ 72 ಕೊಂಡಿ (ಬಾರ್‌ನ ಸೀಳಿನೊಳಗೆ ಓಡುವ ಡ್ರೈವ್ ಲಿಂಕ್), 36 ಹಲ್ಲು. 25 ಇಂಚಿಗೆ 84 ಕೊಂಡಿ, 42 ಹಲ್ಲು. ಒಂದು ಮೊಳೆ ಸಾಕು, ಅಷ್ಟನ್ನೂ ಮತ್ತೆ ಅರ ಹಾಕಬೇಕು.

ದಿಮ್ಮಿ (ಮೈಸೂರು ರಸ್ತೆ)

ಗೋಡೆ, ಗ್ರಿಲ್ ವಿಷಯ ನಾನು ಯೋಚಿಸಿರಲಿಲ್ಲ ಮೇಡಂ. ಒಪ್ಪಿದೆ. ಯಾರ್ಡ್ ಬೇರೆ, ಬೀದಿ ಬೇರೆ. 25 ಹಾಕುವವರು ಪೂರ್ತಿ ಹಲ್ಲಿನ ಚೈನ್ ಬದಲು ಹಲ್ಲು ವಿರಳವಾಗಿರುವ ಸ್ಕಿಪ್ ಚೈನ್ ನೋಡಬಹುದು. 84 ಕೊಂಡಿಗೆ 28 ಹಲ್ಲು ಮಾತ್ರ. ಹೊಟ್ಟು ಸಲೀಸಾಗಿ ಹೊರಬೀಳುತ್ತದೆ, ಅರ ಹಾಕುವ ಕೆಲಸವೂ ಕಡಿಮೆ. ಸಣ್ಣ ಕೊಂಬೆಯಲ್ಲಿ ಮಾತ್ರ ಕುಕ್ಕುತ್ತದೆ.

ಹಳೇಕೈ (ಯಲಹಂಕ)

ನಾನು 1980ರ ದಶಕದಲ್ಲಿ ಕಾಡಿನ ಕೆಲಸಕ್ಕೆ ಸೇರಿದವನು. ನಮಗೆ ಕೊಟ್ಟದ್ದು ಸ್ಟಿಲ್ 070. 106 ಸಿಸಿ, ತೂಕ 10 ಕೆಜಿ ಮೇಲೆ. ನಾವು ಹಿಡಿದ ಮಷಿನ್‌ಗಳಲ್ಲಿ ಚೈನ್ ಬ್ರೇಕ್ ಇರಲಿಲ್ಲ, ಹಿಡಿಗೆ ರಬ್ಬರೂ ಇರಲಿಲ್ಲ. ಬುಡದಲ್ಲಿ ಅದರ ಎಳೆತ ಈಗಿನ ಯಾವ ಮಷಿನ್‌ಗೂ ಇಲ್ಲ ಎಂದು ಈಗಲೂ ಕೆಲವರು ಹೊಗಳುತ್ತಾರೆ. ಎಳೆತ ನಿಜ. ನಿಧಾನವಾಗಿ, ಆದರೆ ನಿಲ್ಲದೆ ಕೊಯ್ಯುತ್ತದೆ.

ನನ್ನ ಬಲಗೈಯ ಎರಡು ಬೆರಳು ಚಳಿಗಾಲದ ಬೆಳಿಗ್ಗೆ ಬೆಳ್ಳಗಾಗುತ್ತವೆ. ಕಾಫಿ ಲೋಟ ಹಿಡಿದರೂ ಬಿಸಿ ಗೊತ್ತಾಗುವುದಿಲ್ಲ. ವರ್ಷಗಟ್ಟಲೆ ಆ ನಡುಕ ಹಿಡಿದದ್ದರ ಫಲ ಎಂದು ಡಾಕ್ಟರು ಹೇಳಿದರು. ಹಳೆಯದು ಗಟ್ಟಿ ಎಂದು ಹೇಳುವಾಗ ಕಬ್ಬಿಣದ ಗಟ್ಟಿತನ ಮಾತ್ರ ನೋಡುತ್ತೇವೆ. ಹೊಸ ಮಷಿನ್‌ನ ಸ್ಪ್ರಿಂಗು, ಚೈನ್ ಬ್ರೇಕು, ಇವು ಹುಡುಗರ ಕೈಗೆ ಕೊಟ್ಟ ಆಯಸ್ಸು. 044ಗೆ ಚೈನ್ ಬ್ರೇಕೂ ಇದೆ, ನಡುಕ ತಡೆಯುವ ರಬ್ಬರೂ ಇದೆ. ಹಾಗಾಗಿ ಅದು ಕೆಟ್ಟ ಮಷಿನ್ ಅಲ್ಲ. ಆದರೆ 20 ವರ್ಷದ ಆ ರಬ್ಬರು ಈಗ ಏನನ್ನೂ ತಡೆಯುತ್ತಿಲ್ಲ. ಸೀಲ್ ಬದಲಿಸುವಾಗ ಅದನ್ನೂ ಬದಲಿಸಿಬಿಡಪ್ಪ. ಅದು ಇಂಜಿನ್‌ಗಲ್ಲ, ನಿನ್ನ ಕೈಗೆ.

ಒಂದು ಮಾತು ಅರದ ಬಗ್ಗೆ. ಯಾವ ಮಷಿನ್, ಯಾವ ಬಾರ್ ಎಂದು ಇಷ್ಟು ಮಾತಾಡುತ್ತೇವೆ. ಮೊಂಡು ಚೈನ್ ಹಾಕಿದರೆ ಎಲ್ಲವೂ ಒಂದೇ. ಈಗಿನ ಚೈನಿನ ಹಲ್ಲಿನ ಆಕಾರ ಕೊಟ್ಟವನು ಅಮೆರಿಕದ ಜೋ ಕಾಕ್ಸ್. 1946ರಲ್ಲಿ ಮರದ ಬೊಡ್ಡೆಯೊಳಗೆ ಒಂದು ಹುಳ ಎಡಕ್ಕೂ ಬಲಕ್ಕೂ ಕೊರೆಯುತ್ತಾ ಹೋಗುವುದನ್ನು ನೋಡಿ, ಅದರ ದವಡೆಯಂತೆ ಹಲ್ಲು ಮಾಡಿದ. ಅದಕ್ಕೇ ಚೈನಿನಲ್ಲಿ ಒಂದು ಎಡ ಹಲ್ಲು, ಒಂದು ಬಲ ಹಲ್ಲು. ಎರಡೂ ಬದಿ ಒಂದೇ ಅಳತೆಗೆ ಅರ ಹಾಕದಿದ್ದರೆ ಮಷಿನ್ ಒಂದು ಕಡೆಗೆ ವಾಲಿಕೊಂಡು ಕೊಯ್ಯುತ್ತದೆ. 3/8 ಪಿಚ್‌ಗೆ (ಪಿಚ್ ಎಂದರೆ ಇಂಚಿನಲ್ಲಿ ಕೊಂಡಿಗಳ ಅಂತರ) 5.2 ಎಂಎಂ ದುಂಡು ಅರ. .325 ಪಿಚ್‌ಗೆ 4.8. ಹಲ್ಲಿನ ಮುಂದಿರುವ ಗುಬಟು (ಡೆಪ್ತ್ ಗೇಜ್) ಹಲ್ಲಿಗಿಂತ 0.65 ಎಂಎಂ ತಗ್ಗಿರಬೇಕು. ಹೊಟ್ಟು ಹಿಟ್ಟಿನಂತೆ ಬಂದರೆ ಅರ ಹಾಕಿ, ಅವಲಕ್ಕಿಯಂತೆ ಬಂದರೆ ಸರಿ ಇದೆ.

ಹೊಂಗೆನೆರಳು (ಬನಶಂಕರಿ)

ಹಳೇಕೈ ಅಣ್ಣ, ನಿಮ್ಮ ಬೆರಳಿನ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಮ್ಮ ಮಾವನಿಗೂ ಹಾಗೇ ಆಗುತ್ತದೆ. ವಯಸ್ಸು ಅಂದುಕೊಂಡಿದ್ದೆವು.

ಸ್ಪ್ಯಾನರ್ ಸರ್, ಸೈಲೆನ್ಸರ್ ಬಿಚ್ಚಿ ನೋಡಿದೆ. ಗೀರು ಇದೆ. ಆಳವಾಗಿ ಅಲ್ಲ, ಎಡಗಡೆ ಎರಡು ಉದ್ದ ಗೆರೆ. ಬೂಟ್ ಬಗ್ಗಿಸಿದರೆ ಕೆಳಗಡೆ ಸಣ್ಣ ಸೀಳು ಕಾಣುತ್ತದೆ. ಇನ್ನೊಂದು ಅನುಮಾನ. ಮೊದಲು ಇಷ್ಟು ತೊಂದರೆ ಇರಲಿಲ್ಲ. ಈಗ ಬಂಕ್‌ಗಳಲ್ಲಿ ಬರುತ್ತಿರುವ ಎಥನಾಲ್ ಪೆಟ್ರೋಲಿಗೂ ಇದಕ್ಕೂ ಸಂಬಂಧ ಇದೆಯಾ?

ಸ್ಪ್ಯಾನರ್ (ಕಲಾಸಿಪಾಳ್ಯ)

ಇದೆ ಸರ್. ಬೂಟಿನ ಸೀಳು ಮೊದಲ ಕಾರಣ, ಆದರೆ ಪೆಟ್ರೋಲೂ ಕೈ ಜೋಡಿಸಿರಬಹುದು. ಈಗ ಬಂಕ್‌ನಲ್ಲಿ ಸಿಗುವುದು ಇ20, ಅಂದರೆ ನೂರಕ್ಕೆ 20 ಪಾಲು ಎಥನಾಲ್. ಎಥನಾಲ್‌ನೊಳಗೇ ಆಮ್ಲಜನಕ ಇದೆ. ಹಾಗಾಗಿ ಅದೇ ಸ್ಕ್ರೂ ಅಳತೆಯಲ್ಲಿ ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಾಲುವುದಿಲ್ಲ. ಸ್ಟಿಲ್ ಕಂಪನಿಯ ಕೈಪಿಡಿಯಲ್ಲೇ ಬರೆದಿದೆ: ಸ್ಕ್ರೂ ತಿರುಗಿಸಿ ಹೊಂದಿಸುವ ಕಾರ್ಬೊರೇಟರ್‌ಗೆ 10 ಪಾಲಿಗಿಂತ ಜಾಸ್ತಿ ಎಥನಾಲ್ ಇದ್ದರೆ ತೊಂದರೆ ಬರಬಹುದು. ಎಂ-ಟ್ರಾನಿಕ್ ಇರುವ ಇಂಜಿನ್‌ಗಳು 27 ಪಾಲಿನವರೆಗೂ ಪೂರ್ತಿ ಶಕ್ತಿ ಕೊಡುತ್ತವೆ. ನನ್ನ ಪ್ರಕಾರ ಇವತ್ತಿನ ದಿನ ಹಳೆಯದಕ್ಕೂ ಹೊಸದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ತೂಕ, ಶಕ್ತಿ ಆಮೇಲಿನ ಮಾತು.

ಹಾಗೆಂದು 044 ಎಸೆಯಬೇಕಿಲ್ಲ. ಎಚ್ ಸ್ಕ್ರೂ (ಹೆಚ್ಚು ವೇಗದಲ್ಲಿ ಪೆಟ್ರೋಲ್ ಎಷ್ಟು ಬರಬೇಕೆಂದು ಹೊಂದಿಸುವುದು) ಸ್ವಲ್ಪ ತೆರೆದು ಮಿಶ್ರಣ ದಪ್ಪ ಮಾಡಬೇಕು. ಕಿವಿಯಲ್ಲೇ ಗೊತ್ತಾಗುತ್ತದೆ. ಮರಕ್ಕೆ ಇಡದೆ ಫುಲ್ ಥ್ರಾಟಲ್ ಕೊಟ್ಟಾಗ ಸದ್ದು ಸ್ವಲ್ಪ ಒಡೆದು ಬುರ್ ಎನ್ನಬೇಕು. ಮರಕ್ಕೆ ಇಟ್ಟ ಕೂಡಲೇ ಶುದ್ಧವಾಗಬೇಕು. ಖಾಲಿ ಓಡುವಾಗಲೇ ಕೀಚಲು ಸದ್ದು ಬಂದರೆ ತೆಳು, ತಕ್ಷಣ ಆರಿಸಿ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ವಾರಕ್ಕೆ ಬೇಕಾದಷ್ಟೇ ಕಲಸಿ. ಕೆಲಸ ಇಲ್ಲದ ತಿಂಗಳಲ್ಲಿ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ಆರುವವರೆಗೂ ಓಡಿಸಿ ಇಡಿ. ಕಂಪನಿಯ 50:1 ಆಯಿಲ್ ಆದರೆ ಲೀಟರಿಗೆ 20 ಎಂಎಲ್. ಬೇರೆ ಟೂ ಸ್ಟ್ರೋಕ್ ಆಯಿಲ್ ಆದರೆ ಲೀಟರಿಗೆ 40 ಹಾಕಿ ಎಂದು ಕೈಪಿಡಿ ಹೇಳುತ್ತದೆ.

ಹೊಸದರಲ್ಲಿ ಪೆಟ್ರೋಲೂ ಕಡಿಮೆ ಸಾಕು. ಹಳೆಯ ಟೂ ಸ್ಟ್ರೋಕ್‌ನಲ್ಲಿ ಹೊಗೆಯನ್ನು ಹೊರಗೆ ತಳ್ಳುವುದು ಪೆಟ್ರೋಲ್ ಸೇರಿದ ಹೊಸ ಗಾಳಿಯೇ. ತಳ್ಳುವಾಗ ಅದರಲ್ಲೇ ಒಂದಷ್ಟು ಉರಿಯದೆ ಸೈಲೆನ್ಸರ್ ಕಡೆ ಹೋಗಿಬಿಡುತ್ತದೆ. 462 ಥರದವುಗಳಲ್ಲಿ ಮೊದಲು ಬರೀ ಗಾಳಿಯ ಒಂದು ಪದರ ನುಗ್ಗಿ ಹೊಗೆಯನ್ನು ತಳ್ಳುತ್ತದೆ, ಹಿಂದೆ ಪೆಟ್ರೋಲ್ ಬರುತ್ತದೆ. ದಿನವಿಡೀ ಓಡಿಸುವವರಿಗೆ ಸಂಜೆ ಕ್ಯಾನಿನಲ್ಲಿ ಉಳಿದದ್ದು ನೋಡಿದರೆ ಗೊತ್ತಾಗುತ್ತದೆ.

ಘಟ್ಟದಕೆಳಗೆ (ವಿಜಯನಗರ)

ಟ್ಯೂನಿಂಗ್ ಮಾತು ಬಂದಿದ್ದಕ್ಕೆ ನನ್ನ ನೋವಿನ ಕಥೆ ಹೇಳುತ್ತೇನೆ. ಬೆಂಗಳೂರಿನಲ್ಲಿ ಚೆನ್ನಾಗಿ ಓಡುತ್ತಿದ್ದ ಹಳೆಯ ಮಷಿನ್ ಒಂದನ್ನು ಕಾರಿನಲ್ಲಿ ಹಾಕಿಕೊಂಡು ಉಡುಪಿ ಕಡೆಯ ಅಜ್ಜನ ಮನೆಗೆ ಹೋದೆ. ಗಾಳಿಗೆ ಹಲಸಿನ ಮರ ಬಿದ್ದಿತ್ತು. ಸ್ಕ್ರೂ ಮುಟ್ಟಲೇ ಇಲ್ಲ. ಮೂರನೇ ತುಂಡಿನಲ್ಲಿ ಸದ್ದು ಸಣ್ಣಗಾಯಿತು, ನಾನು ಖುಷಿಪಟ್ಟೆ, ಎಷ್ಟು ಚುರುಕಾಗಿ ಓಡುತ್ತಿದೆ ಎಂದು. ಐದನೇ ತುಂಡಿಗೆ ನಿಂತಿತು. ಹಗ್ಗ ಎಳೆದರೆ ಬರಲಿಲ್ಲ. ಪಿಸ್ಟನ್ ಸಿಲಿಂಡರ್‌ಗೆ ಅಂಟಿಕೊಂಡಿತ್ತು.

ಆಮೇಲೆ ಅರ್ಥವಾಯಿತು. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿ ಗಾಳಿ ಕರಾವಳಿಗಿಂತ ಸುಮಾರು ಹತ್ತನೇ ಒಂದು ಪಾಲು ತೆಳು. ಇಲ್ಲಿಯ ಗಾಳಿಗೆ ಹೊಂದಿಸಿದ ಪೆಟ್ರೋಲು ಅಲ್ಲಿಯ ದಟ್ಟ ಗಾಳಿಗೆ ಸಾಲಲಿಲ್ಲ. ಘಟ್ಟ ಇಳಿದರೆ ಎಚ್ ಸ್ಕ್ರೂ ತೆರೆಯಬೇಕು, ಹತ್ತಿದರೆ ಮುಚ್ಚಬೇಕು. ಹೊಸ ಮಷಿನ್ ಕೆಲವು ಕೊಯ್ತದಲ್ಲಿ ತಾನೇ ಹೊಂದಿಸಿಕೊಳ್ಳುತ್ತದೆ. ಸಕಲೇಶಪುರ ಹೆಚ್ಚುಕಡಿಮೆ ಬೆಂಗಳೂರಿನ ಎತ್ತರದಲ್ಲೇ ಇದೆ, ಆದರೆ ಅಲ್ಲಿಂದ ಘಟ್ಟ ಇಳಿಯುವುದಾದರೆ ಹೊಂಗೆನೆರಳು ಅವರು ಇದನ್ನು ಗಮನಿಸಬೇಕು.

ಕೆಂಪುಮಣ್ಣು (ಕನಕಪುರ ರಸ್ತೆ)

ನಡುವೆ ಬಂದು ಕೇಳುತ್ತಿದ್ದೇನೆ, ಕ್ಷಮಿಸಿ. ತೋಟಕ್ಕೆಂದು 58 ಸಿಸಿ, 22 ಇಂಚು ಎಂದು ಬರೆದ ಅಗ್ಗದ ಮಷಿನ್ ತಂದಿದ್ದೇನೆ. ಹುಣಸೆ ಮರ ಕೊಯ್ಯಲು ಹೋದರೆ ಹೊಗೆ ಬರುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಮಷಿನ್ ಕೆಟ್ಟದ್ದಾ?

ಸ್ಪ್ಯಾನರ್ (ಕಲಾಸಿಪಾಳ್ಯ)

ಅಂಥ ಒಂದನ್ನು ನಾನು ಬಿಚ್ಚಿ ಅಳೆದಿದ್ದೇನೆ. ಬೋರ್ (ಸಿಲಿಂಡರಿನ ಒಳ ಅಡ್ಡಳತೆ) 45.2 ಎಂಎಂ, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 34 ಎಂಎಂ. ಲೆಕ್ಕ ಹಾಕಿದರೆ 54.6 ಸಿಸಿ ಬರುತ್ತದೆ, 58 ಅಲ್ಲ. ಅದಕ್ಕೆ 22 ಇಂಚು ಜಾಸ್ತಿಯಾಯಿತು. ಹುಣಸೆ ಎಂದರೆ ಕಬ್ಬಿಣ. 16 ಅಥವಾ 18 ಇಂಚಿನ ಬಾರ್ ಹಾಕಿ, ಹೊಸದಾಗಿ ಅರ ಹಾಕಿದ ಚೈನ್ ಹಾಕಿ, ಅದೇ ಮಷಿನ್ ಬೇರೆ ಥರ ಓಡುತ್ತದೆ. ಬಾರ್‌ಗೆ ಆಯಿಲ್ ಬರುತ್ತಿದೆಯಾ ನೋಡಿ. ತುದಿಯನ್ನು ಬಿಳಿ ರಟ್ಟಿನ ಕಡೆ ಹಿಡಿದು ಥ್ರಾಟಲ್ ಕೊಟ್ಟರೆ ಆಯಿಲಿನ ಗೆರೆ ಬೀಳಬೇಕು. ಗ್ಯಾರೇಜಿನ ಸುಟ್ಟ ಆಯಿಲ್ ಮಾತ್ರ ಹಾಕಬೇಡಿ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಚೈನಿಗೆ ಅಂಟಿಕೊಳ್ಳುವ ಗುಣವೂ ಇಲ್ಲ.

ಜಕರಂದ (ಇಂದಿರಾನಗರ)

ಹಸ್ಕ್‌ವರ್ನಾ ಕಂಪನಿಯ ಮಷಿನ್ ಹಿಡಿಯುವವರ ಕಡೆಯಿಂದ ಒಂದು ಮಾತು. ನಮ್ಮಲ್ಲಿ ಹಳೆಯ 372 ಎಕ್ಸ್‌ಪಿಗೆ ಇದೇ ಗೌರವ ಇದೆ. ಅದರ ಜಾಗಕ್ಕೆ ಬಂದ 572 ಎಕ್ಸ್‌ಪಿ 70.6 ಸಿಸಿ, 4.3 ಕಿಲೋವ್ಯಾಟ್, 6.6 ಕೆಜಿ. ತೂಕದಲ್ಲಿ 462 ಗೆಲ್ಲುತ್ತದೆ. ಆದರೆ 572ರ ಹಿಡಿಯಲ್ಲಿ ನಡುಕ ತುಂಬ ಕಡಿಮೆ, ಗಾಳಿಯ ಫಿಲ್ಟರ್ ಬೇಗ ಕಟ್ಟಿಕೊಳ್ಳುವುದಿಲ್ಲ. ಬಾರ್ ಕೊಳ್ಳುವಾಗ ಎಚ್ಚರ. ಎರಡು ಕಂಪನಿಯ ಬಾರ್ ಕೂರುವ ಜಾಗ ಬೇರೆ ಬೇರೆ. ಇಂಚಿನ ಲೆಕ್ಕವೂ ಬೇರೆ. ನಮ್ಮ 24 ಇಂಚಿಗೂ ಅವರ 25 ಇಂಚಿಗೂ 84 ಕೊಂಡಿಯೇ. ಅಂಗಡಿಯಲ್ಲಿ ಇಂಚು ಹೇಳಬೇಡಿ. ಬಾರ್ ಮೇಲೆ ಕೊರೆದಿರುವ ಮೂರು ಅಂಕಿ ಹೇಳಿ: ಪಿಚ್, ಗೇಜ್ (ಕೊಂಡಿಯ ದಪ್ಪ), ಕೊಂಡಿಯ ಎಣಿಕೆ. 1.6 ಎಂಎಂ ಚೈನ್ 1.5ರ ಬಾರ್‌ನ ಸೀಳಿಗೆ ಇಳಿಯುವುದಿಲ್ಲ. 1.5ರ ಚೈನ್ 1.6ರಲ್ಲಿ ಅಲ್ಲಾಡುತ್ತಾ ಸೊಟ್ಟ ಕೊಯ್ಯುತ್ತದೆ.

ಸ್ಪ್ಯಾನರ್ (ಕಲಾಸಿಪಾಳ್ಯ)

ಜಕರಂದ ಅವರು ಒಳ್ಳೆಯ ಮಾತು ನೆನಪಿಸಿದರು. ಹೊಂಗೆನೆರಳು ಸರ್, 044, 462, 661, 500ಐ, ಇವೆಲ್ಲಕ್ಕೂ ಬಾರ್ ಕೂರುವ ಜಾಗ ಒಂದೇ. ನಿಮ್ಮ ಹಳೆಯ 20 ಇಂಚು ಹೊಸ ಮಷಿನ್‌ಗೂ ಕೂರುತ್ತದೆ. ಅಂದರೆ ನೀವು ಹಳೆಯದಾ ಹೊಸದಾ ಎಂದು ಒಂದನ್ನೇ ಆರಿಸಬೇಕಿಲ್ಲ. ಬಾರ್ ಅದಲು ಬದಲು ಮಾಡಿಕೊಂಡು ಎರಡನ್ನೂ ಓಡಿಸಬಹುದು.

044 ಬಿಚ್ಚುವುದಾದರೆ ಪಿಸ್ಟನ್ ಸೆಟ್ ಆರ್ಡರ್ ಮಾಡುವ ಮೊದಲು ಪಿನ್ (ಪಿಸ್ಟನ್ನಿಗೆ ಅಡ್ಡಲಾಗಿ ಕೂರುವ ಕಡ್ಡಿ) ಅಳೆಯಿರಿ. ಮೊದಮೊದಲಿನ 044ಗಳಿಗೆ 10 ಎಂಎಂ ಪಿನ್, ಆಮೇಲಿನವಕ್ಕೆ 12. ಬೋರ್ ಎರಡಕ್ಕೂ 50 ಎಂಎಂ. ನೋಡದೆ ತರಿಸಿ ವಾಪಸ್ ಕೊಡಲಾಗದೆ ಕೂತವರನ್ನು ನೋಡಿದ್ದೇನೆ. ನಕಲಿ ಸೆಟ್ ಅಗ್ಗಕ್ಕೆ ಸಿಗುತ್ತದೆ, ಬೇಡ. ರಿಂಗ್ ಮೆತ್ತಗಿರುತ್ತದೆ, ಒಂದು ಸೀಸನ್ನೂ ಬರುವುದಿಲ್ಲ.

ಹೊಂಗೆನೆರಳು (ಬನಶಂಕರಿ)

ಚೇಗು ಮೇಡಂ ಹೇಳಿದಂತೆ ಕೆಲಸದ ನೋಟ್‌ಬುಕ್ ತೆಗೆದು ಕೂತೆ. ಹೋದ ಮಳೆಗಾಲದಿಂದ ಇಲ್ಲಿಯವರೆಗೆ 60ಕ್ಕೂ ಮೇಲೆ ಕೆಲಸ. 20 ಇಂಚು ಸಾಲದೆ ಹೋದದ್ದು ಆರರಲ್ಲಿ. ಆರೂ ಬುಡದ ಕೆಲಸ, ಆರೂ ನೆಲದ ಮೇಲೆ ಬಿದ್ದ ಮರ. ನಾನು ದಿನವೂ 25 ಹಿಡಿದು ಓಡಾಡಬೇಕು ಎಂದುಕೊಂಡಿದ್ದು ಒಂದೇ ಒಂದು ಮಳೆಮರದ ಸಿಟ್ಟಿನಲ್ಲಿ.

ನಿನ್ನೆ ಗೆಳೆಯರೊಬ್ಬರ 462 ಕೇಳಿ ತಂದು ಒಂದೇ ನೀಲಗಿರಿ ದಿಮ್ಮಿಯಲ್ಲಿ 18, 20, 25 ಮೂರನ್ನೂ ಹಾಕಿ ನೋಡಿದೆವು. ದಿಮ್ಮಿ 14 ಇಂಚು. ಕೊಯ್ಯುವ ವೇಗದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಇರಲಿಲ್ಲ. ವ್ಯತ್ಯಾಸ ಕೈಯಲ್ಲಿತ್ತು. 18 ಹಾಕಿದಾಗ ಮುಂದಿನ ಹಿಡಿಯಲ್ಲಿ ಎತ್ತಿದರೆ ಮಷಿನ್ ಸಮನಾಗಿ ನಿಲ್ಲುತ್ತದೆ. 25 ಹಾಕಿದರೆ ಮೂಗು ನೆಲ ನೋಡುತ್ತದೆ. ನಮ್ಮ ಸಣ್ಣ ಹುಡುಗ ಹತ್ತು ತುಂಡು ಕೊಯ್ದು, 18 ಸಾಕು ಅಣ್ಣ ಎಂದ. ಅವನೇ 25 ತನ್ನಿ ಎಂದು ಜಾಸ್ತಿ ಹಟ ಮಾಡಿದ್ದವನು.

ಹಾಗಾಗಿ ಹೀಗೆ ಮಾಡಿದ್ದೇನೆ. 462 ತೆಗೆದುಕೊಳ್ಳುತ್ತಿದ್ದೇನೆ, 20 ಇಂಚಿನ ಬಾರ್ ಅದಕ್ಕೆ. 25ರದ್ದೂ ಒಂದು ಕೊಂಡು ಗೂಡಿನಲ್ಲಿಡುತ್ತೇನೆ, ಬಿದ್ದ ಬುಡ ಸಿಕ್ಕ ದಿನ ಮಾತ್ರ ಹೊರಗೆ. 044 ಸರಿಮಾಡಿಸಿ 18 ಇಂಚು ಹಾಕುತ್ತೇನೆ. ಅದು ಮಾವನ ತೋಟಕ್ಕೆ ಹೋಗುವಾಗ ನನ್ನ ಜೊತೆ ಬರುತ್ತದೆ. ಘಟ್ಟ ಇಳಿದರೆ ಸ್ಕ್ರೂ ಮುಟ್ಟಿಯೇ ಓಡಿಸುತ್ತೇನೆ, ಘಟ್ಟದಕೆಳಗೆ ಅವರಿಗೆ ಮಾತು ಕೊಡುತ್ತೇನೆ. ಮೇಡಂ, ಇನ್ನು ಮುಂದೆ ಮಳೆಮರ ಸಿಕ್ಕರೆ ಪಾಲಿಕೆಯವರ ಒಪ್ಪಿಗೆ ಕೇಳಿ, ಎಂಟು ಅಡಿ ದಿಮ್ಮಿ ಉಳಿಸಿ ನಿಮಗೇ ಫೋನ್ ಮಾಡುತ್ತೇನೆ.

ಹಳೇಕೈ ಅಣ್ಣ, ನಡುಕದ ರಬ್ಬರ್ ಪೂರ್ತಿ ಸೆಟ್ ಸಿಕ್ಕಿದೆ.

ಹಳೇಕೈ (ಯಲಹಂಕ)

ಒಳ್ಳೆಯದಾಯಿತಪ್ಪ. ಜೊತೆಗೆ ಹುಡುಗರಿಗೆ ಚಾಪ್ಸ್ (ಕಾಲಿನ ರಕ್ಷಣೆಯ ಉಡುಪು) ಕೊಡಿಸು. ಚೈನ್ ತಾಗಿದರೆ ಅದರ ಒಳಗಿನ ನೂಲು ಸ್ಪ್ರಾಕೆಟ್‌ಗೆ ಸುತ್ತಿಕೊಂಡು ಮಷಿನ್ ನಿಲ್ಲಿಸುತ್ತದೆ. ನಮ್ಮ ಕಾಲಕ್ಕೆ ಪಂಚೆ ಕಟ್ಟಿ ಕೊಯ್ಯುತ್ತಿದ್ದೆವು. ಮಾವನಿಗೆ ಚಳಿಯಲ್ಲಿ ಉಣ್ಣೆಯ ಕೈಗವಸು ಹಾಕಿಕೊಳ್ಳಲು ಹೇಳು, ಡಾಕ್ಟರಿಗೂ ಒಮ್ಮೆ ತೋರಿಸು.

ಹೊಂಗೆನೆರಳು (ಬನಶಂಕರಿ)

ತೋರಿಸುತ್ತೇನೆ ಅಣ್ಣ. ಚಾಪ್ಸ್ ನಾಲ್ಕು ಜೊತೆ ಬೇಕು, ನಾಳೆ ಎಸ್‌.ಜೆ.ಪಿ. ರೋಡ್‌ನಲ್ಲಿ ವಿಚಾರಿಸುತ್ತೇನೆ.

ಸ್ಪ್ಯಾನರ್ ಸರ್, ಸಿಲಿಂಡರ್ ಈಗಷ್ಟೇ ಬಿಚ್ಚಿದೆ. ಪಿನ್ ಅಳೆದೆ, 10 ಎಂಎಂ. ಸಿಲಿಂಡರ್ ಗೋಡೆಯಲ್ಲಿ ಉಗುರು ಆಡಿಸಿದರೆ ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ, ಪಿಸ್ಟನ್ನಿನ ಅಲ್ಯೂಮಿನಿಯಂ ಮಾತ್ರ ಸ್ವಲ್ಪ ಮೆತ್ತಿಕೊಂಡಿದೆ. ಶನಿವಾರ ಬೆಳಿಗ್ಗೆ ನಿಮ್ಮ ಹತ್ತಿರ ತರುತ್ತೇನೆ. ಬೂಟ್, ಎರಡು ಸೀಲ್, 10ರ ಪಿನ್ನಿನ ಪಿಸ್ಟನ್ ಎತ್ತಿಟ್ಟಿರಿ.